ಭಂಗಿ ಗಿಡ: ಔಷಧಿ ಎಲ್ಲಿ ಮುಗಿಯುತ್ತದೆ, ಅಪರಾಧ ಎಲ್ಲಿ ಶುರುವಾಗುತ್ತದೆ?

ಎಲ್ಲ ಕಡೆ ಇರುವಂತೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲೂ ಎರಡು ಮಾತು ಕೇಳಿಬರುತ್ತವೆ. ಒಂದು, "ಗಾಂಜಾ ಎಣ್ಣೆಗೆ ಕ್ಯಾನ್ಸರ್ ವಾಸಿಯಾಗುತ್ತದೆ" ಎನ್ನುವ ವಾಟ್ಸಾಪ್ ಮಾತು. ಇನ್ನೊಂದು, "ಔಷಧಿಗೆ ಅಂತ ನಾಲ್ಕು ಗಿಡ ಬೆಳೆದರೆ ತಪ್ಪೇನಿಲ್ಲ" ಎನ್ನುವ ಕಟ್ಟೆ ಮಾತು. ಮೊದಲನೆಯದನ್ನು ನಂಬಿದರೆ ಜೀವ ಹೋಗಬಹುದು, ಎರಡನೆಯದನ್ನು ನಂಬಿದರೆ ಜೈಲು. ಎರಡರಲ್ಲೂ ಸ್ವಲ್ಪ ಸತ್ಯದ ಜೊತೆ ಬಹಳ ಗೊಂದಲ ಬೆರೆತಿದೆ. ಅದನ್ನು ಬಿಡಿಸಲು ಹಿಂದಕ್ಕೆ ಹೋಗಬೇಕು.

ಈ ಗಿಡ ನಮ್ಮ ವೈದ್ಯಕ್ಕೆ ಹೊಸದಲ್ಲ. ಆಯುರ್ವೇದದ ಹಳೆಯ ಗ್ರಂಥವಾದ ಶಾರ್ಙ್ಗಧರ ಸಂಹಿತೆಯಲ್ಲೇ ಭಂಗಿಯ ಹೆಸರಿದೆ. ಇಂಗ್ಲಿಷ್ ವೈದ್ಯಕ್ಕೆ ಅದು ಹೋಗಿದ್ದೂ ಭಾರತದಿಂದಲೇ. ಕಲ್ಕತ್ತಾದಲ್ಲಿದ್ದ ಐರ್ಲೆಂಡಿನ ವೈದ್ಯ ವಿಲಿಯಂ ಓ'ಶಾಗ್ನೆಸಿ 1839ರಲ್ಲಿ ತನ್ನ ಪ್ರಯೋಗಗಳ ವರದಿ ಮಂಡಿಸಿದ. ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಿ, ಆಮೇಲೆ ಸಂಧಿವಾತ, ಧನುರ್ವಾಯು, ಫಿಟ್ಸ್ ಇದ್ದವರಿಗೆ ಕೊಟ್ಟಿದ್ದ. ಹುಚ್ಚುನಾಯಿ ಕಡಿದ ರೋಗಿಯೊಬ್ಬ ಉಳಿಯಲಿಲ್ಲ, ಆದರೆ ಅವನ ನರಳಾಟ ಕಡಿಮೆಯಾಯಿತು. ಇಡೀ ಚರಿತ್ರೆಯಲ್ಲಿ ನೆನಪಿಡಬೇಕಾದ ಪಾಠ ಇದು. ನರಳಾಟ ಇಳಿಸುವುದು ಬೇರೆ, ರೋಗ ವಾಸಿ ಮಾಡುವುದು ಬೇರೆ.

ಮುಂದೆ ಇನ್ನೊಂದು ತುದಿಯ ಮಾತು ಹುಟ್ಟಿತು: ಭಂಗಿ ಮುಟ್ಟಿದವರೆಲ್ಲ ಹುಚ್ಚರಾಗುತ್ತಾರೆ ಎಂದು. ಬ್ರಿಟಿಷ್ ಸರ್ಕಾರ 1893ರಲ್ಲಿ ಒಂದು ಆಯೋಗ ನೇಮಿಸಿತು. ಆಗ ನಮ್ಮ ತಾಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮದ್ರಾಸ್ ಸೇರಿ ಎಲ್ಲ ಪ್ರಾಂತ್ಯಗಳಿಂದ ಸಾವಿರಕ್ಕೂ ಹೆಚ್ಚು ಜನರ ಸಾಕ್ಷಿ ಪಡೆದು, 1894ರಲ್ಲಿ ಆಯೋಗ ವರದಿ ಕೊಟ್ಟಿತು. 1892ರಲ್ಲಿ ಹುಚ್ಚಾಸ್ಪತ್ರೆ ಸೇರಿದವರಲ್ಲಿ 222 ಜನರ ದಾಖಲೆಯಲ್ಲಿ "ಕಾರಣ ಗಾಂಜಾ" ಎಂದು ಬರೆದಿತ್ತು. ಒಂದೊಂದನ್ನೂ ಮತ್ತೆ ವಿಚಾರಿಸಿದಾಗ 98 ಮಾತ್ರ ಒಪ್ಪುವಂತಿದ್ದವು. ಮಿತವಾಗಿ ಬಳಸಿದರೆ ದೊಡ್ಡ ಹಾನಿಯಿಲ್ಲ, ಅತಿಯಾದರೆ ಹಾನಿ ಎಂದು ಆಯೋಗ ಹೇಳಿತು. ಪೂರ್ತಿ ನಿಷೇಧ ಬೇಡ, ನಿಯಂತ್ರಣ ಇರಲಿ ಎಂದಿತು.

ಸ್ವಾತಂತ್ರ್ಯದ ನಂತರ ದಾರಿ ಬದಲಾಯಿತು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿತು. ಅದರಂತೆ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಈ ಕಾಯ್ದೆ ಒಂದೇ ಗಿಡವನ್ನು ಭಾಗ ಮಾಡಿ ನೋಡುತ್ತದೆ. ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ಅಂಟು ಚರಸ್. ಇವೆರಡೂ ನಿಷಿದ್ಧ. ತುದಿ ಇಲ್ಲದ ಬರೀ ಸೊಪ್ಪು, ಬೀಜ ಗಾಂಜಾ ಅಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ, ಭಂಗಿ ಈ ಕಾಯ್ದೆಯ ನಿಷೇಧದಲ್ಲಿ ಬರುವುದಿಲ್ಲ ಎಂದಿದ್ದು ಇದೇ ಕಾರಣಕ್ಕೆ.

ಹಾಗಾದರೆ ಗಿಡ ಬೆಳೆಯಬಹುದೇ? ಇಲ್ಲ. ಎಡವುವುದು ಇಲ್ಲೇ. ಸೊಪ್ಪನ್ನು ಹೊರಗಿಟ್ಟ ಅದೇ ಕಾಯ್ದೆ, ಪರವಾನಗಿ ಇಲ್ಲದೆ ಗಿಡ ಬೆಳೆಯುವುದನ್ನು ಅಪರಾಧ ಎನ್ನುತ್ತದೆ. 20ನೇ ಕಲಮಿನಲ್ಲಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಮೆಕ್ಕೆಜೋಳದ ಸಾಲಿನ ನಡುವೆ ಮರೆಮಾಡಿದರೂ, "ದನದ ಔಷಧಿಗೆ" ಎಂದರೂ ಕಾನೂನು ಒಂದೇ. ಸೊಪ್ಪಿನ ಮಾರಾಟಕ್ಕೂ ರಾಜ್ಯದ ಅಬಕಾರಿ ಕಾನೂನಿನ ಹಿಡಿತವಿದೆ.

2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಈ ಗಿಡವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಭಾರತವೂ ಅದರ ಪರ ಮತ ಹಾಕಿತು. "ಗಾಂಜಾ ಈಗ ಕಾನೂನುಬದ್ಧ" ಎಂದು ಹರಿದಾಡಿದ್ದು ಇದನ್ನೇ ತಪ್ಪು ತಿಳಿದು. ಔಷಧಿ ಗುಣವನ್ನು ಒಪ್ಪಿದರು ಅಷ್ಟೇ. ನಿಯಂತ್ರಣದ ಪಟ್ಟಿಯಲ್ಲಿ ಅದು ಈಗಲೂ ಇದೆ, ನಮ್ಮ ದೇಶದ ಕಾಯ್ದೆಯೂ ಬದಲಾಗಲಿಲ್ಲ.

ಇಂದಿನ ವಿಜ್ಞಾನ ಏನು ಹೇಳುತ್ತದೆ? ಮಕ್ಕಳಿಗೆ ಬರುವ ಕೆಲವು ಕಠಿಣ ಮೂರ್ಛೆರೋಗಗಳಿಗೆ ಈ ಗಿಡದ ಸಿಬಿಡಿ ಎಂಬ ಅಂಶದಿಂದ ಮಾಡಿದ ಔಷಧಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಕಿಮೋಥೆರಪಿಯಿಂದ ಬರುವ ವಾಂತಿಗೂ ಗಿಡದ ಅಂಶಗಳು ಉಪಯೋಗಕ್ಕೆ ಬರುತ್ತವೆ. ಆದರೆ ಮನುಷ್ಯರಲ್ಲಿ ಕ್ಯಾನ್ಸರನ್ನು ವಾಸಿ ಮಾಡುತ್ತದೆ ಎಂಬುದಕ್ಕೆ ಸಾಬೀತಾದ ಪುರಾವೆ ಇಲ್ಲ. ಎಣ್ಣೆ ನಂಬಿ ಆಸ್ಪತ್ರೆ ಬಿಟ್ಟರೆ ಕಳೆದುಹೋದ ತಿಂಗಳುಗಳು ವಾಪಸ್ ಬರುವುದಿಲ್ಲ. ಹದಿಹರೆಯದಲ್ಲಿ ದಿನವೂ ಸೇದುವವರಿಗೆ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚು ಎಂಬುದೂ ನಿಜ.

ನಿಜವಾಗಿ ಬೇಕಾದವರಿಗೆ ದಾರಿ ಇದೆ. ಭಂಗಿ ಸೊಪ್ಪು ಸೇರಿದ ಆಯುರ್ವೇದ ಔಷಧಿಯನ್ನು ಪರವಾನಗಿ ಇರುವ ಕಂಪನಿಗಳು ತಯಾರಿಸುತ್ತವೆ. ಸರ್ಕಾರದ ವಿಷದ್ರವ್ಯಗಳ ಪಟ್ಟಿಯಲ್ಲಿ ಭಂಗಿ ಇರುವುದರಿಂದ, ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಬಾಟಲಿಯ ಮೇಲೆ ಇರಲೇಬೇಕು. ಆ ಎಚ್ಚರಿಕೆ, ಪರವಾನಗಿ ಸಂಖ್ಯೆ ಎರಡೂ ಇಲ್ಲದ ಎಣ್ಣೆಯನ್ನು ಮುಟ್ಟಬೇಡಿ. ಬೇರೆ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಕ್ಯಾನ್ಸರಿನ ತೀವ್ರ ನೋವಿಗೆ ಸಾಬೀತಾದ ಔಷಧಿ ಮಾರ್ಫಿನ್. 1985ರ ಕಾಯ್ದೆಯ ಬಿಗಿಯಿಂದ ಅದೂ ರೋಗಿಗಳಿಗೆ ಸಿಗದಂತಾಗಿತ್ತು. 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಕೊಡುವುದು ಸುಲಭವಾಯಿತು. ಮನೆಯಲ್ಲಿ ನರಳುವವರಿದ್ದರೆ ಗಾಂಜಾ ಎಣ್ಣೆ ಹುಡುಕುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ: "ನೋವು ಇಳಿಸುವ ಮಾರ್ಫಿನ್ ಎಲ್ಲಿ ಸಿಗುತ್ತದೆ?" ಅದನ್ನು ಕೇಳುವುದು ರೋಗಿಯ ಹಕ್ಕು.