ಕೆಂಪು ಟೋಪಿಯ ಹಿಂದಿನ ಕೈಗಳು

ನಮ್ಮ ಹಿರಿಯರ ಹಳೆಯ ಗ್ರೂಪ್ ಫೋಟೊಗಳನ್ನು ನೋಡಿದವರಿಗೆ ಟರ್ಕಿ ಟೋಪಿಯ ಪರಿಚಯ ಇದ್ದೇ ಇರುತ್ತದೆ. ಮೈಮೇಲೆ ಶೇರ್ವಾನಿ, ತಲೆಯ ಮೇಲೆ ಕಪ್ಪು ಕುಚ್ಚು ಇಳಿಬಿಟ್ಟ ಕೆಂಪು ಟೋಪಿ. ಸರ್ ಸಯ್ಯದ್ ಅಹ್ಮದ್ ಖಾನರು 1875ರಲ್ಲಿ ಅಲಿಗಢದಲ್ಲಿ ಆರಂಭಿಸಿದ ವಿದ್ಯಾಸಂಸ್ಥೆಯ ಸಮವಸ್ತ್ರದಲ್ಲಿ ಸ್ಥಾನ ಪಡೆದ ಮೇಲೆ ಅದು ಆಧುನಿಕ ವಿದ್ಯೆ ಕಲಿತ ಮುಸ್ಲಿಮನ ಗುರುತಾಯಿತು. ಆದರೆ ಆ ಟೋಪಿ ಯಾವುದರಿಂದ, ಯಾರ ಕೈಯಿಂದ ತಯಾರಾಗುತ್ತಿತ್ತು ಎಂದು ವಿಚಾರಿಸಿದವರು ಕಡಿಮೆ. ಹೆಸರಿನಲ್ಲಿ ಟರ್ಕಿ ಇದ್ದರೂ ಅದರ ಹಿಂದಿನ ಕಸುಬು ನಮ್ಮನ್ನು ಟ್ಯುನೀಸಿಯಾಕ್ಕೂ ಅಲ್ಲಿಂದ ಸ್ಪೈನಿಗೂ ಕರೆದೊಯ್ಯುತ್ತದೆ.

ಮೊದಲು ಉಣ್ಣೆಯ ಗುಣವನ್ನು ತಿಳಿಯಬೇಕು. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಅದು ಕುಗ್ಗಿ ಮಗುವಿನ ಅಂಗಿಯಷ್ಟಾಗುತ್ತದೆ. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಪೊರೆಯಂತಹ ಸೂಕ್ಷ್ಮ ಹುರುಪೆಗಳಿವೆ. ಬಿಸಿನೀರು, ಸಾಬೂನು, ಉಜ್ಜುವಿಕೆ ಸೇರಿದಾಗ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲಾಗದಂತೆ ಬಿಗಿಯುತ್ತವೆ. ಹೀಗೆ ಆಗುವ ದಪ್ಪ ಬಟ್ಟೆಯೇ ಫೆಲ್ಟ್. ಕತ್ತರಿಸಿದರೂ ಅದರ ಅಂಚು ಬಿಚ್ಚಿಕೊಳ್ಳುವುದಿಲ್ಲ. ಯುರೋಪು, ಅಮೆರಿಕಗಳಲ್ಲಿ ಹಳೆಯ ಸ್ವೆಟರುಗಳನ್ನು ಬೇಕೆಂದೇ ಹೀಗೆ ಕುಗ್ಗಿಸಿ ಚೀಲ, ಕೈಗವಸು, ಟೋಪಿಗಳನ್ನು ಹೊಲಿಯುವುದು ಈಚೆಗೆ ಒಂದು ಗೃಹ ಕೈಗಾರಿಕೆಯಂತೆ ಬೆಳೆದಿದೆ. ಶುದ್ಧ ಉಣ್ಣೆಯಾದರೆ ಮಾತ್ರ ಇದು ಸಾಧ್ಯ, ನೈಲಾನ್ ಅಥವಾ ಅಕ್ರಿಲಿಕ್ ನೂಲು ಕುಗ್ಗಿ ಬಿಗಿಯುವುದಿಲ್ಲ. ಇದನ್ನು ಹೊಸ ಕಲೆ ಎಂದು ಹೊಗಳುವವರಿದ್ದಾರೆ. ಹೆಣೆದ ಉಣ್ಣೆಯನ್ನು ಕುಗ್ಗಿಸಿ ಟೋಪಿ ಮಾಡುವ ಇದೇ ವಿದ್ಯೆಯಿಂದ ಟ್ಯುನಿಸ್ ನಗರದ ಸಾವಿರಾರು ಕುಟುಂಬಗಳು ಶತಮಾನಗಳ ಹಿಂದೆಯೇ ಬದುಕು ಕಟ್ಟಿಕೊಂಡಿದ್ದವು. ಅಲ್ಲಿ ಆ ಟೋಪಿಯ ಹೆಸರು ಶಾಶಿಯಾ.

ಸ್ಪೈನಿನ ಮುಸ್ಲಿಮರ ಇತಿಹಾಸವನ್ನು ನಾವು ಸಾಮಾನ್ಯವಾಗಿ 1492ರ ಗ್ರಾನಡಾ ಪತನಕ್ಕೆ ಮುಗಿಸಿಬಿಡುತ್ತೇವೆ. ಆದರೆ ಬಲವಂತದ ಮತಾಂತರಕ್ಕೆ ಒಳಗಾಗಿ ಅಲ್ಲಿಯೇ ಉಳಿದವರ ವಂಶಜರು ಇನ್ನೂ ನೂರಕ್ಕೂ ಹೆಚ್ಚು ವರ್ಷ ಆ ನೆಲದಲ್ಲಿದ್ದರು. ಮೊರಿಸ್ಕೊ ಎಂದು ಕರೆಯಲ್ಪಟ್ಟ ಇವರನ್ನು ದೊರೆ ಮೂರನೆಯ ಫಿಲಿಪ್ 1609ರಿಂದ 1614ರ ನಡುವೆ ದೇಶದಿಂದಲೇ ಹೊರದಬ್ಬಿದನು. ಹೊರಬಿದ್ದವರು ಸುಮಾರು 3 ಲಕ್ಷ ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಹಲವು ಸಾವಿರ ಮಂದಿ ಟ್ಯುನಿಸ್‌ಗೆ ಬಂದರು. ಆಡಳಿತಗಾರ ಉಸ್ಮಾನ್ ದೇ ಅವರಿಗೆ ಆಶ್ರಯ ಕೊಟ್ಟನು. ಮನೆ, ಹೊಲ, ಆಸ್ತಿ ಎಲ್ಲವನ್ನೂ ಬಿಟ್ಟು ಬಂದವರಿಗೆ ಉಳಿದದ್ದು ಕೈಕಸುಬು ಮಾತ್ರ. ಟೊಲೆಡೊ ನಗರ ಉಣ್ಣೆ ಟೋಪಿಗಳಿಗೆ ಹೆಸರಾಗಿತ್ತು. ಟ್ಯುನೀಸಿಯಾದಲ್ಲಿ ಶಾಶಿಯಾ ಮೊದಲೇ ಇತ್ತಾದರೂ ಅದನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದವರು ಈ ನಿರಾಶ್ರಿತರು. ಈ ಕಸುಬಿನ ಪಾರಿಭಾಷಿಕ ಪದಗಳಲ್ಲಿ ಹಲವು ಸ್ಪೈನ್ ಭಾಷೆಯವೇ ಆಗಿ ಉಳಿದಿವೆ.

ಒಂದು ಟೋಪಿ ಹಲವು ಊರುಗಳನ್ನು ಸುತ್ತಿ ಬರಬೇಕಾಗಿತ್ತು. ಟ್ಯುನಿಸ್ ಪಕ್ಕದ ಅರ್ಯಾನಾದ ಮಹಿಳೆಯರು ಮನೆಯಲ್ಲೇ ಕುಳಿತು ಬಿಳಿ ಉಣ್ಣೆ ನೂಲಿನಿಂದ ಗಂಟೆಯಾಕಾರದ ದೊಡ್ಡ ಟೋಪಿ ಹೆಣೆಯುತ್ತಿದ್ದರು. ತಲೆಗೆ ಹಾಕಿದರೆ ಭುಜದವರೆಗೆ ಇಳಿಯುವಷ್ಟು ದೊಡ್ಡದು! ಅದು ಮಜರ್ದಾ ನದಿ ದಂಡೆಯ ಅಲ್ ಬತ್ತಾನ್ ಎಂಬಲ್ಲಿಗೆ ಹೋಗುತ್ತಿತ್ತು. ಅಲ್ಲಿ ಬಿಸಿನೀರು ಮತ್ತು ಸಾಬೂನಿನಲ್ಲಿ ನೆನೆಸಿ, ತುಳಿದು, ಬಡಿದು ಸುಮಾರು ಅರ್ಧದಷ್ಟಕ್ಕೆ ಕುಗ್ಗಿಸುತ್ತಿದ್ದರು. ಹೆಣಿಗೆಯ ಕಣ್ಣುಗಳು ಮಾಯವಾಗಿ ಫೆಲ್ಟ್ ಆಗುವುದು ಈ ಹಂತದಲ್ಲೇ. ಆಮೇಲೆ ಒಂದು ಜಾತಿಯ ಮುಳ್ಳುಗಿಡದ ಒಣಗಿದ ಹೂತಲೆಯಿಂದ ಬಾಚಿ ಬಾಚಿ ಮೇಲ್ಮೈಯನ್ನು ಮಖಮಲ್ಲಿನಂತೆ ಮೃದು ಮಾಡುತ್ತಿದ್ದರು. ಬಣ್ಣ ಹಾಕಲು ಝಗ್ವಾನ್ ಊರಿನ ಬುಗ್ಗೆಯ ನೀರೇ ಆಗಬೇಕು. ಕೆಂಪು ಬಣ್ಣ ದೊರೆಯುತ್ತಿದ್ದುದು ಓಕ್ ಮರದ ಮೇಲೆ ಬದುಕುವ ಕೆರ್ಮಿಸ್ ಎಂಬ ಕೀಟದಿಂದ. ಕೊನೆಗೆ ಟ್ಯುನಿಸ್‌ನ ಝೈತೂನಾ ಮಸೀದಿಯಿಂದ ದೂರವಲ್ಲದ ಶಾಶಿಯಾ ಪೇಟೆಯಲ್ಲಿ ಅಚ್ಚಿಗೆ ಹಾಕಿ, ಕತ್ತರಿಸಿ, ಅಂದಗೊಳಿಸಿ ಮಾರುತ್ತಿದ್ದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಆ ಪೇಟೆ ಇಂದಿಗೂ ಇದೆ. ಈ ಕಸುಬುದಾರರ ಮುಖ್ಯಸ್ಥನಾದ ಅಮೀನ್ ಇಡೀ ನಗರದ ವರ್ತಕರ ವ್ಯಾಜ್ಯಗಳನ್ನು ತೀರ್ಮಾನಿಸುವ ಸ್ಥಾನದಲ್ಲಿದ್ದನು ಎಂಬುದು ಗಮನಾರ್ಹ. ಹೆಣೆದ ಮಹಿಳೆಯರ ಹೆಸರುಗಳು ಮಾತ್ರ ಯಾವ ಮುದ್ರೆಯಲ್ಲೂ ಬರಲಿಲ್ಲ. ಟೋಪಿಯ ಒಳಗೆ ಇರುತ್ತಿದ್ದುದು ಯಜಮಾನನ ಗುರುತು.

ಉಸ್ಮಾನೀ ಸುಲ್ತಾನ್ ಎರಡನೆಯ ಮಹ್ಮೂದ್ 1826ರಲ್ಲಿ ಹಳೆಯ ಜಾನಿಸಾರಿ ಪಡೆಯನ್ನು ರದ್ದುಗೊಳಿಸಿ ಹೊಸ ಸೈನ್ಯ ಕಟ್ಟಿದಾಗ ಸೈನಿಕರ ತಲೆಗೆ ಆರಿಸಿದ್ದು ಟ್ಯುನಿಸ್‌ನ ಈ ಟೋಪಿಯನ್ನೇ. 1829ರಲ್ಲಿ ಅದು ಅಧಿಕಾರಿಗಳಿಗೂ ಕಡ್ಡಾಯವಾಯಿತು. ಫೆಝ್ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯವಾದದ್ದು ಇದೇ. ಟ್ಯುನಿಸ್‌ಗೆ ಇದು ಸುಗ್ಗಿಯ ಕಾಲವಾಗಬೇಕಿತ್ತು, ಆಗಲಿಲ್ಲ. 1830ರ ದಶಕದಲ್ಲಿ ಇಸ್ತಾಂಬುಲ್‌ನಲ್ಲೇ ಫೆಸ್‌ಹಾನೆ ಎಂಬ ಕಾರ್ಖಾನೆ ತೆರೆಯಿತು. ಬಳಿಕ ಆಸ್ಟ್ರಿಯಾ ಸಾಮ್ರಾಜ್ಯದ ಬೊಹೀಮಿಯಾದಲ್ಲಿ, ಮುಖ್ಯವಾಗಿ ಸ್ಟ್ರಕೊನಿತ್ಸೆ ಎಂಬ ಊರಿನಲ್ಲಿ, ಯಂತ್ರಗಳು ಅಗ್ಗದ ಟೋಪಿಗಳನ್ನು ರಾಶಿ ರಾಶಿ ಉರುಳಿಸತೊಡಗಿದವು. ಟ್ಯುನಿಸ್‌ನ ಕೈಕೆಲಸ ಆ ಬೆಲೆಗೆ ಸರಿಗಟ್ಟಲಾರದೆ ಹೋಯಿತು. ಮುಸ್ಲಿಮ್ ಸ್ವಾಭಿಮಾನದ ಸಂಕೇತವೆಂದು ತಲೆಗೇರಿಸಿಕೊಂಡ ಟೋಪಿಗಾಗಿ ಹಣ ಹೋಗುತ್ತಿದ್ದುದು ಆಸ್ಟ್ರಿಯಾಕ್ಕೆ! ಇದು ಜನರಿಗೆ ಅರಿವಾದದ್ದು 1908ರಲ್ಲಿ, ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿಹಾಕಿದಾಗ. ಆಗ ಉಸ್ಮಾನೀ ನಗರಗಳಲ್ಲಿ ಜನ ಕೆಂಪು ಟೋಪಿಗಳನ್ನು ಬೀದಿಯಲ್ಲಿ ಹರಿದೆಸೆದು ಬಹಿಷ್ಕಾರ ಹೂಡಿದರು. ಸಂಕೇತದ ಬಗ್ಗೆ ನಡೆದಷ್ಟು ಚರ್ಚೆ ಅದನ್ನು ತಯಾರಿಸುವ ಕೈಗಳ ಬಗ್ಗೆ ಮೊದಲೇ ನಡೆದಿದ್ದರೆ ಈ ಕಸುಬಿನ ಗತಿ ಬೇರೆಯಾಗುತ್ತಿತ್ತೇನೋ.

1925ರಲ್ಲಿ ಟರ್ಕಿಯ ಟೋಪಿ ಕಾನೂನು ಫೆಝ್ ಅನ್ನೇ ನಿಷೇಧಿಸಿತು. ನಮ್ಮ ನಾಡಿನ ತಲೆಗಳಿಂದಲೂ ಅದು ಕ್ರಮೇಣ ಇಳಿಯಿತು. ಟ್ಯುನಿಸ್‌ನ ಪೇಟೆಯಲ್ಲಿ ಬೆರಳೆಣಿಕೆಯ ಅಂಗಡಿಗಳು ಈಗಲೂ ಶಾಶಿಯಾ ಮಾಡುತ್ತಿವೆ. ಗಿರಾಕಿಗಳಲ್ಲಿ ಲಿಬಿಯಾ, ನೈಜೀರಿಯಾದವರೂ ಇದ್ದಾರೆ. ಬಣ್ಣ ರಾಸಾಯನಿಕದ್ದಾಗಿದೆ, ಆದರೆ ಹೆಣಿಗೆಯನ್ನು ಬಿಸಿನೀರು ಮತ್ತು ಸಾಬೂನಿನಲ್ಲಿ ಕುಗ್ಗಿಸುವ ಕ್ರಮ ಹಳೆಯದೇ. ಹೆಣೆಯುವವರು ಈಗಲೂ ಹೆಂಗಸರೇ.