ಅಜಂತಾದ ಹಾದಿಯಲ್ಲಿ ಜಪಾನಿನ ಹಣ

ಊರಿನಿಂದ ನೆಂಟರು ಬಂದರೆಂದರೆ ಮಹಾರಾಷ್ಟ್ರದ ಕನ್ನಡಿಗರಾದ ನಮ್ಮ ಕಾರ್ಯಕ್ರಮ ಗೊತ್ತೇ ಇದೆ. ನಾಸಿಕದಲ್ಲಿ ಗೋದಾವರಿಯ ಸ್ನಾನ, ತ್ರ್ಯಂಬಕೇಶ್ವರನ ದರ್ಶನ, ಅಲ್ಲಿಂದ ಔರಂಗಾಬಾದಿಗೆ ಪ್ರಯಾಣ. 2023ರಿಂದ ಅದರ ಹೆಸರು ಛತ್ರಪತಿ ಸಂಭಾಜಿನಗರ. ಮರುದಿನ ಎಲ್ಲೋರ, ಕಾಲಿನಲ್ಲಿ ಕಸುವು ಉಳಿದಿದ್ದರೆ ಅಜಂತಾ. ಹದಿನಾರನೆಯ ಗುಹೆಯ ಕೈಲಾಸದೆದುರು ನಿಂತು, ಇದನ್ನು ಕೊರೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ನಮ್ಮವನು ಎಂದು ಮಕ್ಕಳಿಗೆ ಹೇಳುವಾಗ ನಮ್ಮ ದನಿ ತುಸು ಏರುವುದೂ ಉಂಟು. ಕವಿರಾಜಮಾರ್ಗದ ಕನ್ನಡನಾಡಿಗೆ ಬಡಗಣ ಗಡಿ ಗೋದಾವರಿಯೇ ಅಲ್ಲವೆ? ಆದರೆ ಈ ಗುಹೆಗಳಿಗೆ ಹೋಗುವ ರಸ್ತೆಯಲ್ಲಿ, ನಗರದ ಚಿಕಲಠಾಣ ವಿಮಾನ ನಿಲ್ದಾಣದಲ್ಲಿ, ಸುತ್ತಣ ಗುಡ್ಡಗಳ ಮೇಲಿನ ಗಿಡಗಳಲ್ಲಿ ಜಪಾನ್ ದೇಶದ ಹಣ ಸೇರಿದೆಯೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

1992ರ ಜನವರಿಯಲ್ಲಿ ಅಜಂತಾ-ಎಲ್ಲೋರ ಸಂರಕ್ಷಣೆ ಮತ್ತು ಪ್ರವಾಸೋದ್ಯಮ ಯೋಜನೆಗೆ ಜಪಾನ್ ಸುಮಾರು 374 ಕೋಟಿ ಯೆನ್ ಸಾಲ ಕೊಟ್ಟಿತು. 2003ರ ಮಾರ್ಚಿನಲ್ಲಿ ಎರಡನೆಯ ಹಂತಕ್ಕೆ ಸುಮಾರು 733 ಕೋಟಿ ಯೆನ್. ಇದನ್ನು ನೆರವು ಎನ್ನುತ್ತಾರೆ, ಆದರೆ ದಾನವಲ್ಲ. ಬಡ್ಡಿ ಕಡಿಮೆ, ಅವಧಿ ದೀರ್ಘ, ಅಷ್ಟೆ. ಅಜಂತಾದಲ್ಲಿ ವಾಹನಗಳನ್ನು ಫರ್ದಾಪುರದ ಕವಲಿನಲ್ಲೇ ಬಿಟ್ಟು, ಉಳಿದ ಸುಮಾರು ನಾಲ್ಕು ಕಿಲೋಮೀಟರನ್ನು ಬಸ್ಸಿನಲ್ಲಿ ಹೋಗುವ ಏರ್ಪಾಡು ಆಯಿತಲ್ಲ, ಅದೂ ಈ ಯೋಜನೆಯ ಕಾಲದ್ದೇ. ವಾಹನಗಳ ಹೊಗೆಯಿಂದ ಚಿತ್ರಗಳು ಕೆಡಬಾರದೆಂಬುದು ಉದ್ದೇಶ. ಅದು ಒಳ್ಳೆಯ ಕೆಲಸವೆಂದೇ ನಮ್ಮ ಎಣಿಕೆ.

ಸಾಲ ಕೊಟ್ಟವರು ಕೊಟ್ಟು ಸುಮ್ಮನಿರುವುದಿಲ್ಲ. ಜಪಾನಿನ ಸಾಲಸಂಸ್ಥೆ 1975ರಿಂದಲೇ, ಮುಗಿದ ಕೆಲಸಗಳನ್ನು ಮತ್ತೆ ಹೋಗಿ ನೋಡಿ ಬರೆದಿಡುವ ಪದ್ಧತಿ ಇಟ್ಟುಕೊಂಡಿತ್ತು. ಆದರೆ ಅಲ್ಲಿಯ ಜನ ಇದರ ಬಗ್ಗೆ ಗಟ್ಟಿಯಾಗಿ ಕೇಳತೊಡಗಿದ್ದು 1986ರಲ್ಲಿ. ಫಿಲಿಪ್ಪೀನ್ಸಿನ ಮಾರ್ಕೋಸ್ ದೇಶ ಬಿಟ್ಟು ಓಡಿದ ಮೇಲೆ ಸಿಕ್ಕ ಕಾಗದಗಳಲ್ಲಿ, ನೆರವಿನ ಕಾಮಗಾರಿ ಹಿಡಿದ ಜಪಾನೀ ಕಂಪನಿಗಳು ಅವನ ಕಡೆಯವರಿಗೆ ಕೊಟ್ಟ ಕಮಿಷನ್ನಿನ ಲೆಕ್ಕ ಇತ್ತು. ತಮ್ಮ ತೆರಿಗೆಯ ಹಣ ಹೀಗೂ ಹೋಗುತ್ತದೆಯೆ ಎಂದು ಅಲ್ಲಿಯ ಸಂಸತ್ತಿನಲ್ಲಿ ಗದ್ದಲವಾಯಿತು.

ಇದರ ಬಿಸಿ ನಮ್ಮ ಸೀಮೆಗೆ ತಟ್ಟಿದ್ದು ನರ್ಮದೆಯ ದಡದಲ್ಲಿ. ನಾಸಿಕ ವಿಭಾಗದ ಬಡಗಣ ತುದಿ ನರ್ಮದೆಯವರೆಗೆ ಚಾಚಿದೆ. ಅಲ್ಲಿ, ಆಗಿನ ಧುಳೆ, ಈಗಿನ ನಂದುರಬಾರ ಜಿಲ್ಲೆಯಲ್ಲಿ, ಮಣಿಬೇಲಿ ಎಂಬ ಆದಿವಾಸಿ ಹಳ್ಳಿ. ಗುಜರಾತಿನ ಸರ್ದಾರ್ ಸರೋವರ ಅಣೆಕಟ್ಟಿನ ಹಿನ್ನೀರಿಗೆ ಮಹಾರಾಷ್ಟ್ರದಲ್ಲಿ ಮೊದಲು ಸಿಕ್ಕುವ ಹಳ್ಳಿ ಅದು. 1985ರಲ್ಲಿ ವಿಶ್ವಬ್ಯಾಂಕು ಆ ಯೋಜನೆಗೆ 45 ಕೋಟಿ ಡಾಲರ್ ಒಪ್ಪಿತ್ತು. ವಿದ್ಯುತ್ತಿನ ಟರ್ಬೈನುಗಳಿಗೆ ಸಾಲ ಕೊಟ್ಟದ್ದು ಜಪಾನ್. ಮುಳುಗುವವರಿಗೆ ನೆಲ ಎಲ್ಲಿ ಎಂಬ ಪ್ರಶ್ನೆಗೆ ಮಾತ್ರ ಯಾರಲ್ಲೂ ನೆಟ್ಟಗಿನ ಉತ್ತರವಿರಲಿಲ್ಲ. 1990ರ ಏಪ್ರಿಲಿನಲ್ಲಿ ಟೋಕಿಯೋದ ಪರಿಸರವಾದಿಗಳು ಸಭೆ ಕರೆದು ಈ ಪ್ರಶ್ನೆಯನ್ನು ತಮ್ಮ ಸರಕಾರದ ಮುಂದಿಟ್ಟರು. ಕೆಲವೇ ವಾರಗಳಲ್ಲಿ ಜಪಾನ್, ಮುಂದಿನ ಸಾಲ ಕೊಡುವುದಿಲ್ಲವೆಂದಿತು. ಪರಿಸರ ಮತ್ತು ಪುನರ್ವಸತಿಯ ಕಾರಣಕ್ಕೆ ಆ ದೇಶ ಕೈಹಿಂತೆಗೆದದ್ದು ಅದೇ ಮೊದಲೆನ್ನುತ್ತಾರೆ.

ವಿಶ್ವಬ್ಯಾಂಕು ಅಷ್ಟು ಬೇಗ ಮಣಿಯಲಿಲ್ಲ. 1991ರಲ್ಲಿ ಅದು ಬ್ರಾಡ್‌ಫರ್ಡ್ ಮೋರ್ಸ್ ಅವರ ನೇತೃತ್ವದಲ್ಲಿ ಸ್ವತಂತ್ರ ಸಮೀಕ್ಷೆಗೆ ಒಪ್ಪಿತು. ತಾನೇ ಹಣ ಹಾಕುತ್ತಿರುವ ಕೆಲಸವನ್ನು ಹೊರಗಿನವರಿಂದ ಹೀಗೆ ಪರೀಕ್ಷೆ ಮಾಡಿಸಿದ್ದು ಬ್ಯಾಂಕಿನ ಚರಿತ್ರೆಯಲ್ಲಿ ಹೊಸತು. 1992ರ ಜೂನಿನಲ್ಲಿ ಬಂದ ವರದಿ, ಈಗಿನ ಸ್ಥಿತಿಯಲ್ಲಿ ಪುನರ್ವಸತಿ ಸಾಧ್ಯವೇ ಇಲ್ಲ, ಬ್ಯಾಂಕು ಒಂದು ಹೆಜ್ಜೆ ಹಿಂದೆ ಸರಿದು ನೋಡಲಿ ಎಂದಿತು. ಅಕ್ಟೋಬರಿನ ಸಭೆಯಲ್ಲಿ ಅಮೆರಿಕ, ಜಪಾನ್, ಜರ್ಮನಿ, ಕೆನಡ ಮತ್ತು ಉತ್ತರ ಯುರೋಪಿನ ದೇಶಗಳ ಪ್ರತಿನಿಧಿಗಳು ಹಣ ನಿಲ್ಲಿಸಬೇಕೆಂದರು. ಬಹುಮತ ಅವರಿಗೆ ಸಿಗಲಿಲ್ಲ. ಆರು ತಿಂಗಳ ಗಡುವು ಬಂತು. ಗಡುವಿಗೆ ಒಂದು ದಿನ ಮೊದಲು, 1993ರ ಮಾರ್ಚ್ 30ರಂದು, ಉಳಿದ ಸಾಲ ನಮಗೆ ಬೇಡವೆಂದು ಭಾರತ ಸರಕಾರವೇ ಹೇಳಿತು. ಮಾನ ಉಳಿಸಿಕೊಂಡದ್ದು ಯಾರು ಎಂಬುದನ್ನು ಓದುಗರೇ ಊಹಿಸಲಿ. ಮಣಿಬೇಲಿ ಮಾತ್ರ ಉಳಿಯಲಿಲ್ಲ. ನಮ್ಮದೇ ಹಣದಲ್ಲಿ ಕಟ್ಟೆ ಏರಿತು. 2017ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯೂ ಆಯಿತು.

ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಕಾಣುವುದು ಇಷ್ಟು. ಕೆಲಸ ನಡೆಯುತ್ತಿರುವಾಗ, ಅದೂ ಸಾಲ ಕೊಟ್ಟವರ ಮನೆಬಾಗಿಲಿನಲ್ಲಿ ಕೇಳಿದ ಪ್ರಶ್ನೆಗೆ ಆ ದೇಶ ಓಗೊಡುತ್ತದೆ, ಹಣ ನಿಲ್ಲುತ್ತದೆ. ಮುಗಿದ ಮೇಲೆ ಬರುವ ವರದಿಯ ಗತಿ ಬೇರೆ. ಕಾಮಗಾರಿ ಮುಗಿದು ಎರಡು ಮೂರು ವರ್ಷಗಳಾದ ಮೇಲೆ ಹೊರಗಿನ ತಜ್ಞರು ಬಂದು, ಅಳೆದು, ಅಂಕ ಕೊಟ್ಟು ಹೋಗುತ್ತಾರೆ. ಅವರು ಕಂಡ ‘ಪಾಠ’ ಸಾಲ ಕೊಟ್ಟವರ ಮುಂದಿನ ಯೋಜನೆಗಳ ಕಡತಕ್ಕೆ ಸೇರುತ್ತದೆ, ಆ ಯೋಜನೆ ವಿಯೆಟ್ನಾಮಿನದೋ ಕೀನ್ಯಾದದೋ ಇರಬಹುದು. ‘ಶಿಫಾರಸು’ಗಳಲ್ಲಿ ಬಹಳಷ್ಟು ಸಾಲ ತಂದವರ ಹೆಸರಿಗೆ. ವರದಿ ಇರುವುದು ಜಪಾನಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಫರ್ದಾಪುರದ ಅಂಗಡಿಯವನು ಅದನ್ನು ಓದುವ ಹಾಗಿಲ್ಲ.

ಇದರ ಫಲ ಅಜಂತಾದಲ್ಲೇ ಕಂಡಿತು. ಎರಡನೆಯ ಹಂತದ ಹಣದಲ್ಲಿ ಅಲ್ಲಿ ದೊಡ್ಡದೊಂದು ಸಂದರ್ಶಕರ ಕೇಂದ್ರ ಎದ್ದಿತು. 1, 2, 16 ಮತ್ತು 17ನೆಯ ಗುಹೆಗಳ ಪ್ರತಿರೂಪಗಳನ್ನು ಅದರೊಳಗೆ ನಿರ್ಮಿಸಿದರು. ಜನ ಇಲ್ಲಿ ಸಾವಕಾಶವಾಗಿ ನೋಡಿಕೊಂಡರೆ, ಮೂಲ ಗುಹೆಯೊಳಗೆ ಉಸಿರಿನ ತೇವ, ನೂಕುನುಗ್ಗಲು ಕಡಿಮೆಯಾದೀತೆಂಬ ಸೊಗಸಾದ ಆಲೋಚನೆ. ಆದರೆ ನೀರಿನ, ವಿದ್ಯುತ್ತಿನ ಬಾಕಿ ಬೆಳೆದು 2018ರ ಹೊತ್ತಿಗೆ ಅದರ ಬಾಗಿಲು ಮುಚ್ಚಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದೆವು. ಕಟ್ಟಲು ಹಣ ಬರುತ್ತದೆ, ದೀಪ ಉರಿಸಲು ಬರುವುದಿಲ್ಲ. ಇದಕ್ಕೆ ಟೋಕಿಯೋವನ್ನು ದೂರಿ ಫಲವಿಲ್ಲ. ಬೀಗದ ಕೈ ನಮ್ಮ ಕಡೆಯೇ ಇತ್ತು. ಬಾಗಿಲು ತೆರೆದಿರಲಿ ಮುಚ್ಚಿರಲಿ, ಸಾಲದ ಕಂತು ನಿಲ್ಲುವುದಿಲ್ಲ. ಅದನ್ನು ಕಟ್ಟುವವರಲ್ಲಿ ನಾವೂ ಇದ್ದೇವೆ.

ಜಪಾನಿನವರು ಮಣಿಬೇಲಿಯಂಥ ಪ್ರಸಂಗಗಳಿಂದ ಕಲಿತಿಲ್ಲವೆನ್ನಲಾಗದು. 1992ರಲ್ಲೇ ಅವರು ತಮ್ಮ ನೆರವಿನ ನೀತಿಯನ್ನು ಬರೆದು ಪ್ರಕಟಿಸಿದರು. 2010ರಿಂದ ಜಾರಿಗೆ ಬಂದ ಅವರ ಮಾರ್ಗಸೂಚಿಯ ಪ್ರಕಾರ, ಯೋಜನೆಯಿಂದ ತೊಂದರೆಗೊಳಗಾದವರು ನೇರವಾಗಿ ಅವರ ಸಂಸ್ಥೆಗೇ ಆಕ್ಷೇಪ ಸಲ್ಲಿಸಬಹುದು. ಮುಂಬಯಿ-ಅಹಮದಾಬಾದು ಬುಲೆಟ್ ರೈಲಿಗೆ ಜಮೀನು ಬಿಡಬೇಕಾಗಿ ಬಂದ ದಕ್ಷಿಣ ಗುಜರಾತಿನ ರೈತರು 2018ರಲ್ಲಿ ಆ ಸಂಸ್ಥೆಗೇ ಪತ್ರ ಬರೆದರು. ಠಾಣೆ, ಪಾಲಘರಗಳಲ್ಲಿ ನೆಲೆಸಿದ ನಮ್ಮವರ ಮನೆಗಳ ಪಕ್ಕದಲ್ಲೇ ಅದರ ಹಾದಿ ಹೋಗುತ್ತದೆ. ಬಡ್ಡಿ ವರ್ಷಕ್ಕೆ ನೂರು ರೂಪಾಯಿಗೆ ಹತ್ತು ಪೈಸೆ, ಅವಧಿ 50 ವರ್ಷ. ಕೊನೆಯ ಕಂತು ಕಟ್ಟುವ ಹೊತ್ತಿಗೆ ನಮ್ಮ ಮೊಮ್ಮಕ್ಕಳ ತಲೆಯೂ ನರೆತಿರುತ್ತದೆ.