ಔಷಧ ತಪ್ಪಿದಾಗ ಹೊಣೆ ಯಾರದು?

ಆಸ್ಪತ್ರೆಯಲ್ಲಿ ಯಾರಾದರೂ ಅನಿರೀಕ್ಷಿತವಾಗಿ ತೀರಿಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, ‘ಆಯುಷ್ಯ ಅಷ್ಟೇ ಇತ್ತು, ಅಲ್ಲಾಹನ ವಿಧಿ’ ಎಂಬುದು. ಹಿಂದೂ ನೆರೆಮನೆಯಲ್ಲಿ ಅದನ್ನೇ ಹಣೆಬರಹ ಎನ್ನುತ್ತಾರೆ. ದುಃಖವನ್ನು ತಡೆದುಕೊಳ್ಳಲು ಈ ಮಾತು ಬೇಕು. ಆದರೆ ಕೊಡಬೇಕಾದ ಔಷಧದ ಬದಲು ಬೇರೊಂದನ್ನು ಚುಚ್ಚಿದ್ದರಿಂದ ಸಾವು ಬಂದಿದ್ದರೆ, ಅಲ್ಲಿಯೂ ವಿಧಿಯ ಹೆಸರು ಹೇಳಿ ಎದ್ದು ಬರುವುದು ಧರ್ಮವೇ? ಇಸ್ಲಾಮಿನ ಇತಿಹಾಸವನ್ನು ನೋಡಿದರೆ, ಅಲ್ಲ ಎಂಬುದೇ ಉತ್ತರ.

ವೈದ್ಯ ಬಲ್ಲವನೆಂದು ಹೆಸರಾಗದೆ ಚಿಕಿತ್ಸೆಗೆ ಕೈಹಾಕಿದವನು ಅದರ ನಷ್ಟಕ್ಕೆ ಹೊಣೆಗಾರ ಎಂಬ ಅರ್ಥದ ಪ್ರವಾದಿ ವಚನ ಅಬೂದಾವೂದ್ ಸಂಗ್ರಹದಲ್ಲಿದೆ. ಧರ್ಮಶಾಸ್ತ್ರಜ್ಞರು ಇದರ ಮೇಲೆ ಒಂದು ನಿಯಮವನ್ನೇ ಕಟ್ಟಿದರು. ಕಾರ್ಡೋಬಾದ ಇಬ್ನ್ ರುಶ್ದ್ (1126–1198) ಸ್ವತಃ ವೈದ್ಯರೂ ನ್ಯಾಯಾಧೀಶರೂ ಆಗಿದ್ದವರು. ಅವರು ವಿವರಿಸುವಂತೆ, ವಿದ್ಯೆಯಿಲ್ಲದೆ ಚಿಕಿತ್ಸೆ ಮಾಡಿದವನು ಪರಿಹಾರವನ್ನು ಸ್ವಂತ ಆಸ್ತಿಯಿಂದ ಕೊಡಬೇಕು. ಬಲ್ಲ ವೈದ್ಯನ ಕೈತಪ್ಪಿನಿಂದ ಸಾವಾದರೆ, ಹೆಚ್ಚಿನ ವಿದ್ವಾಂಸರ ಪ್ರಕಾರ, ಅವನ ಕುಲದವರು ಸೇರಿ ಪರಿಹಾರ ಕೊಡಬೇಕು. ಅಂದರೆ ತಜ್ಞನ ಪ್ರಾಮಾಣಿಕ ತಪ್ಪನ್ನು ಅಪರಾಧವೆಂದು ಎಣಿಸಲಿಲ್ಲ. ನೊಂದ ಕುಟುಂಬವನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ.

ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ಒಬ್ಬ ಸಾಮಾನ್ಯ ಮನುಷ್ಯ ಸತ್ತ. ಸುದ್ದಿ ಖಲೀಫ ಮುಕ್ತದಿರ್‌ಗೆ ಮುಟ್ಟಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾರೂ ವೈದ್ಯ ವೃತ್ತಿ ನಡೆಸಬಾರದೆಂದು ಅವನು ಆಜ್ಞೆ ಹೊರಡಿಸಿದ. ಪರೀಕ್ಷಕನಾಗಿ ನೇಮಕಗೊಂಡ ಸಿನಾನ್ ಇಬ್ನ್ ಸಾಬಿತ್ ಆಗ ಮುಸ್ಲಿಮನಾಗಿರಲಿಲ್ಲ, ಹರ್ರಾನಿನ ಸಾಬಿ ಸಮುದಾಯದವನು. ಪ್ರಸಿದ್ಧರನ್ನೂ ಅರಮನೆಯ ವೈದ್ಯರನ್ನೂ ಬಿಟ್ಟು 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರೆಂದು 13ನೇ ಶತಮಾನದ ಇಬ್ನ್ ಅಬೀ ಉಸೈಬಿಅ ದಾಖಲಿಸಿದ್ದಾರೆ. ಯಾರು ಯಾವ ಚಿಕಿತ್ಸೆ ಮಾಡಬಹುದೆಂದು ಬರೆದುಕೊಡಲಾಯಿತು. ಓದು ಬರಹ ಬಾರದ ಮುದುಕನೊಬ್ಬನಿಗೆ, ತನಗೆ ತಿಳಿಯದ್ದಕ್ಕೆ ಕೈಹಾಕಬಾರದೆಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತಂತೆ.

12ನೇ ಶತಮಾನದಲ್ಲಿ ಸಿರಿಯಾದ ಶೈಝರೀ ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬ್‌ಗಾಗಿ ಬರೆದ ಕೈಪಿಡಿಯಲ್ಲಿ ಇನ್ನೂ ಮುಖ್ಯವಾದ ಸಂಗತಿಯಿದೆ. ವೈದ್ಯ ತಾನು ಕೊಟ್ಟ ಔಷಧವನ್ನು ಬರೆದು ರೋಗಿಯ ಬಂಧುಗಳಿಗೆ ಒಪ್ಪಿಸಬೇಕು. ರೋಗಿ ಸತ್ತರೆ ಅವರು ಆ ಚೀಟಿಗಳನ್ನು ಮುಖ್ಯ ವೈದ್ಯನ ಮುಂದಿಡಬೇಕು. ಚಿಕಿತ್ಸೆ ಶಾಸ್ತ್ರಕ್ಕೆ ತಕ್ಕಂತಿದ್ದರೆ ವೈದ್ಯ ನಿರ್ದೋಷಿ. ಇಲ್ಲದಿದ್ದರೆ ಪರಿಹಾರ ತೆರಬೇಕು. ಇದು ಎಲ್ಲ ಊರಿನಲ್ಲಿಯೂ ನಡೆಯಿತೆಂದು ಹೇಳಲಾಗದು. ಆದರೆ ಬರಹದ ದಾಖಲೆಯಿಲ್ಲದೆ ಹೊಣೆ ನಿರ್ಧಾರವಾಗದು ಎಂಬ ತಿಳುವಳಿಕೆ ಅಂದೇ ಇತ್ತು.

ಇಂದಿನ ಭಾರತದ ಕಾನೂನು ಆ ಪರಂಪರೆಯಿಂದ ಬಂದದ್ದಲ್ಲ, ಅದರ ಬೇರು ಬ್ರಿಟಿಷ್ ಕಾನೂನಿನಲ್ಲಿದೆ. ಆದರೂ ಅದು ಎದುರಿಸಿದ ಪ್ರಶ್ನೆ ಅದೇ. ಅಜಾಗರೂಕತೆಯಿಂದ ಸಾವು ತರುವುದನ್ನು 1870ರಲ್ಲೇ ದಂಡ ಸಂಹಿತೆಗೆ 304ಎ ಕಲಮಾಗಿ ಸೇರಿಸಿದರು. ಪರಿಹಾರ ಪಡೆಯಲು ಮಾತ್ರ ಬಡವನು ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ದಾರಿಯನ್ನು ಹತ್ತಿರ ಮಾಡಿತು. ಹಣ ಪಡೆದು ನೀಡುವ ವೈದ್ಯಸೇವೆಯೂ ಅದರ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಔಷಧದ ತಪ್ಪಿಗೆ ಸಂಬಂಧಿಸಿದಂತೆ 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣ ನೆನಪಿಡಬೇಕಾದದ್ದು. 1993ರ ಡಿಸೆಂಬರ್‌ನಲ್ಲಿ ಟೈಫಾಯ್ಡ್ ಆಗಿದ್ದ ಮಗುವೊಂದು ದೆಹಲಿಯ ಈ ಆಸ್ಪತ್ರೆಗೆ ದಾಖಲಾಯಿತು. ವೈದ್ಯರು ಬರೆದದ್ದು ಕ್ಲೋರಾಂಫೆನಿಕಾಲ್. ನರ್ಸ್ ತಂದೆಯಿಂದ ತರಿಸಿ ರಕ್ತನಾಳಕ್ಕೆ ಚುಚ್ಚಿದ್ದು ಮಲೇರಿಯಾದ ಲಾರಿಯಾಗೊ. ಮಗು ಅಲ್ಲಿಯೇ ಕುಸಿಯಿತು. ಜೀವ ಉಳಿದರೂ ಮಿದುಳು ಶಾಶ್ವತವಾಗಿ ಹಾಳಾಯಿತು. ಆಕೆಗೆ ಬೇಕಾದ ಅರ್ಹತೆಯೇ ಇರಲಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂತು.

ತಪ್ಪನ್ನೆಲ್ಲ ಆ ನರ್ಸಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ನ್ಯಾಯಾಲಯ ಅದಕ್ಕೆ ಬಿಡಲಿಲ್ಲ. ಅಂಥ ಇಂಜೆಕ್ಷನ್ನನ್ನು ಆಕೆಯ ಕೈಗೆ ಬಿಟ್ಟ ವೈದ್ಯರೂ, ಆಕೆಯನ್ನು ಕೆಲಸಕ್ಕಿಟ್ಟ ಆಸ್ಪತ್ರೆಯೂ ಹೊಣೆ ಎಂದಿತು. ಮಗುವಿಗೆ 12.5 ಲಕ್ಷ, ಹೆತ್ತವರ ಮಾನಸಿಕ ವೇದನೆಗೆ 5 ಲಕ್ಷ ರೂಪಾಯಿ ಪರಿಹಾರ ಖಾಯಂ ಆಯಿತು. ಕಡಿಮೆ ಸಂಬಳಕ್ಕೆ ತರಬೇತಿಯಿಲ್ಲದವರನ್ನು ಇಟ್ಟುಕೊಳ್ಳುವ ನರ್ಸಿಂಗ್ ಹೋಮ್ ಯಾವ ಊರಿನಲ್ಲಿದ್ದರೂ ಈ ತೀರ್ಪು ಎಚ್ಚರಿಕೆಯಾಗಬೇಕು.

ಇದರ ಇನ್ನೊಂದು ಮಗ್ಗುಲೂ ಇದೆ. ಕೆಟ್ಟ ಫಲಿತಾಂಶಕ್ಕೆಲ್ಲ ವೈದ್ಯರನ್ನು ಜೈಲಿಗೆ ಕಳಿಸಲಾಗದು, ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಕಂಡುಬರಬೇಕು ಎಂದು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇಂಥ ಸಾವಿಗೆ ಇತರರಿಗೆ 5 ವರ್ಷದವರೆಗೆ ಶಿಕ್ಷೆ ಇಟ್ಟು, ಚಿಕಿತ್ಸೆ ನೀಡುತ್ತಿದ್ದ ನೋಂದಾಯಿತ ವೈದ್ಯರಿಗೆ 2 ವರ್ಷದ ಮಿತಿ ಇಟ್ಟಿದೆ. ತಜ್ಞನ ತಪ್ಪಿಗೂ ಅಜ್ಞಾನಿಯ ದುಸ್ಸಾಹಸಕ್ಕೂ ಇಬ್ನ್ ರುಶ್ದ್ ಗುರುತಿಸಿದ್ದ ಅಂತರ ಇಲ್ಲಿ ನೆನಪಾಗುತ್ತದೆ. ಆಸ್ಪತ್ರೆಯ ಗಾಜು ಒಡೆಯುವುದು, ನರ್ಸಿನ ಮೇಲೆ ಕೈ ಮಾಡುವುದು ನ್ಯಾಯವಲ್ಲ. ಕರ್ನಾಟಕದಲ್ಲಿ 2009ರ ಕಾಯ್ದೆಯಡಿ ಅದು ಶಿಕ್ಷಾರ್ಹ ಅಪರಾಧ.

ನ್ಯಾಯದ ದಾರಿ ಚೀಟಿಯಿಂದ ಆರಂಭವಾಗುತ್ತದೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಇಡಬೇಕು. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಗ್ರಾಹಕ ಆಯೋಗಕ್ಕೆ ದೂರು ನೀಡಲು 2 ವರ್ಷದ ಅವಧಿಯಿದೆ. ನಮ್ಮಲ್ಲಿ ಬಹಳ ಮಂದಿ ಬಿಲ್ಲು ಕಟ್ಟಿ, ಮಯ್ಯಿತ್ ಪಡೆದು, ದಫನಿನ ಅವಸರದಲ್ಲಿ ಹೊರಟುಬಿಡುತ್ತಾರೆ. ದಫನು ಬೇಗ ಆಗಲಿ. ಆದರೆ ಮರುದಿನವಾದರೂ ಮನೆಯ ಒಬ್ಬರು ಹೋಗಿ ದಾಖಲೆಯ ಪ್ರತಿ ಕೇಳಲಿ. ಇದು ವಿಧಿಯ ಮೇಲಿನ ಅಪನಂಬಿಕೆಯಲ್ಲ. ಅದೇ ವಾರ್ಡಿನಲ್ಲಿ ಮಲಗಿರುವ ಮುಂದಿನ ರೋಗಿಯ ಹಕ್ಕು.